ವೇಳಾಪಟ್ಟಿ ಮಹೋದಯರ ದಿವ್ಯ ಸನ್ನಿಧಿಗೆ

ಅರಿವಳಿಕೆ ವಿಭಾಗದ ಸೆಮಿನಾರ್ ಕೊಠಡಿಯ ಬಾಗಿಲ ಬಲಮಗ್ಗುಲಲ್ಲಿ, ನಾಲ್ಕು ಮೊಳೆಗಳ ಆಧಾರದಿಂದಲೂ ಪ್ಲಾಸ್ಟಿಕ್ ಕವಚದ ರಕ್ಷಣೆಯಿಂದಲೂ ವಿರಾಜಮಾನರಾಗಿರುವ, ಸ್ನಾತಕೋತ್ತರ ಪ್ರಥಮ ವರ್ಷದ ತರಗತಿಗಳ ವೇಳಾಪಟ್ಟಿ ಮಹೋದಯರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಂದು ಪ್ರಾತಃಕಾಲ ಏಳೂವರೆ ಗಂಟೆಗೆ ಶ್ವಾಸಮಾರ್ಗದ ಪರೀಕ್ಷೆಯನ್ನು ಕುರಿತು ಪಾಠ ನಡೆಯತಕ್ಕದ್ದೆಂದು ತಾವು ಅಪ್ಪಣೆ ಕೊಡಿಸಿದ್ದಿರಿ. ರಾತ್ರಿಯ ಡ್ಯೂಟಿ ಮುಗಿಸಿ, ಕಾಫಿಯ ಆಸೆಯನ್ನೂ ತೊರೆದು ನಾವು ಕೆಲವರು ಅಲ್ಲಿ ಕುಳಿತೆವು. ರೋಗಿಯು ಬಾಯಿ ತೆರೆದು ನಾಲಗೆ ಚಾಚಿದಾಗ ಕಿರುನಾಲಗೆ ಎಷ್ಟು ಕಾಣುತ್ತದೆಂಬುದರ ಮೇಲೆ ಶ್ವಾಸನಾಳಕ್ಕೆ ನಳಿಕೆ ಇಳಿಸುವ ಕಷ್ಟವನ್ನು ಊಹಿಸಬಹುದೆಂದು ಅರಿವಳಿಕೆ ತಜ್ಞ ಮಲ್ಲಂಪಾಟಿಯವರು 1985ರಲ್ಲಿ ತೋರಿಸಿಕೊಟ್ಟಿದ್ದಾರಷ್ಟೆ. ಎಂಟೂಕಾಲಾದರೂ ಅಧ್ಯಾಪಕರು ಬಾರದೆ ಹೋದುದರಿಂದ, ನಿದ್ದೆಗೆಟ್ಟು ಆಕಳಿಸುತ್ತಿದ್ದ ನಾವು ಪರಸ್ಪರರ ಕಿರುನಾಲಗೆಗಳನ್ನೇ ಅಧ್ಯಯನ ಮಾಡಿ ತೃಪ್ತರಾದೆವು. ಕೊನೆಗೆ ಬಂದವರು ಅಟೆಂಡರು. ಕೈಯಲ್ಲಿ ಹಾಜರಿ ಪುಸ್ತಕ. “ಸೈನ್ ಹಾಕಿ ಡಾಕ್ಟ್ರೇ, ಸಾಹೇಬ್ರು ಓಟಿಗೆ ಹೋದ್ರು, ಕ್ಲಾಸ್ ಆಯ್ತು ಅಂತ ಬರೆದಾಗಿದೆ” ಎಂದರು. ಬರೆದಾಗಿತ್ತು, ವಿಷಯದ ಹೆಸರು, ಅವಧಿ, ‘ಚರ್ಚೆ ಫಲಪ್ರದವಾಗಿತ್ತು’ ಎಂಬ ಷರಾ ಸಹಿತವಾಗಿ.

ತಮ್ಮ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಎಂತಹ ಪಾಠವು ರದ್ದಾದರೂ ತಮ್ಮ ಮೈಮೇಲೆ ಒಂದು ಗೀರೂ ಬೀಳದಿರುವುದು ಆ ಪ್ಲಾಸ್ಟಿಕ್ ಕವಚದ ಮಹಿಮೆಯೆಂದು ಬಲ್ಲೆ. ನಮಗೆ ಪರೀಕ್ಷೆಗೆ ಕೂರಲು ಶೇಕಡಾ 80ರ ಹಾಜರಾತಿ ಕಡ್ಡಾಯ. ತಮ್ಮ ಲೆಕ್ಕದಲ್ಲಾದರೋ ಪಾಠಗಳು ಶೇಕಡಾ ನೂರರಷ್ಟು ನಡೆದಿವೆ. ಸ್ಟೈಪೆಂಡು ತಡವಾಗುವುದು, ಡ್ಯೂಟಿ ಕೊಠಡಿಯ ಮಂಚಕ್ಕೆ ಮೂರು ಕಾಲು ಮಾತ್ರವಿರುವುದು, ಇವನ್ನೆಲ್ಲ ಈ ಪತ್ರದಲ್ಲಿ ನಿವೇದಿಸಬೇಕೆಂದಿದ್ದೆ. ಬೇಡ, ಮಂಚದ ಮಾತು ಹಾಗಿರಲಿ.

ವರ್ಷಕ್ಕೊಮ್ಮೆ ತಪ್ಪದೆ ನಡೆಯತಕ್ಕ ಪಾಠವೊಂದುಂಟು. ಅಕ್ಟೋಬರ್ 16ರಂದು, 1846ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬ ದಂತವೈದ್ಯರು ಈಥರ್ ಕೊಟ್ಟು ತೋರಿಸಿದ ಪ್ರಸಂಗವನ್ನು ಬ್ಯಾನರು, ಕೇಕು ಮತ್ತು ಶಾಲುಗಳ ಸಮ್ಮುಖದಲ್ಲಿ ಒಂದು ಗಂಟೆ ಕಾಲ ವರ್ಣಿಸಲಾಗುತ್ತದೆ. (1888 ಮತ್ತು 1889ರಲ್ಲಿ ನಿಜಾಮರ ವೆಚ್ಚದಲ್ಲಿ ಹೈದರಾಬಾದಿನಲ್ಲಿಯೇ ಕ್ಲೋರೋಫಾರ್ಮ್ ಆಯೋಗಗಳು ಕುಳಿತು, ಆ ಔಷಧವು ಹೃದಯವನ್ನು ಮೊದಲು ಕೊಲ್ಲುವುದೋ ಉಸಿರನ್ನೋ ಎಂದು ಜಗತ್ತಿನೊಡನೆ ಜಗಳವಾಡಿದುದನ್ನು, ಬೀದರ ಕಲಬುರಗಿಗಳು ಅಂದು ಅದೇ ಸಂಸ್ಥಾನದಲ್ಲಿದ್ದರೂ, ಯಾವ ಭಾಷಣಕಾರರೂ ನೆನೆಯುವುದಿಲ್ಲ, ಕೇಕು ಅಷ್ಟರಲ್ಲಿ ಕರಗತೊಡಗಿರುತ್ತದೆ.) ಮರುದಿನದಿಂದ ಪುನಃ ತಮ್ಮ ಪ್ಲಾಸ್ಟಿಕ್ ಕವಚದ ಆಳ್ವಿಕೆ.

ಕೊಠಡಿಯ ಮೂಲೆಯ ಗಾಜಿನ ಬೀರುವಿನಲ್ಲಿ ನಮ್ಮ ಅಭ್ಯಾಸಕ್ಕೆಂದು ಒಂದು ಪ್ರತಿಮೆಯಿದೆ: ತಲೆ, ಕೊರಳು, ರಬ್ಬರಿನ ಶ್ವಾಸಕೋಶ. ಇನ್ಸ್‌ಪೆಕ್ಷನ್ ದಿನಗಳಲ್ಲಿ ಮಾತ್ರ ಉತ್ಸವಮೂರ್ತಿಯಂತೆ ಹೊರಕ್ಕೆ ಬಿಜಯಂಗೈಯುತ್ತದೆ. ಆ ಪುಣ್ಯದಿನವೊಂದರಲ್ಲಿ ನಾನೂ ಲ್ಯಾರಿಂಗೋಸ್ಕೋಪು ಹಿಡಿದು ನಳಿಕೆ ಇಳಿಸಿದೆ. ಮೇಲ್ದವಡೆಯ ಎರಡು ಹಲ್ಲುಗಳು ಹಿಂದಿನವರ ವಿದ್ಯಾಭ್ಯಾಸಕ್ಕೆ ಆಹುತಿಯಾಗಿ ಪ್ಲಾಸ್ಟರು ಪಟ್ಟಿಯಲ್ಲಿ ನೇತಾಡುತ್ತಿದ್ದವು. ಬಾಯೊಳಗಿನ ಜೆಲ್ಲಿ ಒಣಗಿ ಹಪ್ಪಳವಾಗಿತ್ತು. ಶ್ವಾಸಕೋಶದ ಚೀಲವು ತೂತಾದುದರಿಂದ, ನಳಿಕೆಯು ಶ್ವಾಸನಾಳಕ್ಕೆ ಹೋದರೂ ಅನ್ನನಾಳಕ್ಕೆ ಹೋದರೂ ಎದೆಯು ಸಮಾನ ನಿರ್ಲಿಪ್ತತೆಯಿಂದ ಮೇಲೇಳದೆ ಉಳಿಯಿತು. ಅಂದರೆ ಅದು ಕಲಿಸಬೇಕಾಗಿದ್ದ ಒಂದೇ ಒಂದು ಭೇದವನ್ನು ಅದು ಕಲಿಸಲಾರದು. ಬೀರುವಿನ ಕೀಲಿ ಯಾರ ಬಳಿಯಿದೆಯೆಂಬುದು ಇನ್ಸ್‌ಪೆಕ್ಷನ್ ದಿನದ ಹೊರತು ಯಾರಿಗೂ ತಿಳಿಯದು.

ಪರಿಹಾಸ ಇಲ್ಲಿಗೆ ಸಾಕು. ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಟ್ಟ ಕ್ಷಣದಿಂದ ಆ ಮನುಷ್ಯನ ಉಸಿರು ನಮ್ಮದು. ವಯಸ್ಕ ದೇಹವು ನಿಮಿಷಕ್ಕೆ ಸುಮಾರು 250 ಮಿ.ಲೀ. ಆಮ್ಲಜನಕವನ್ನು ವ್ಯಯಿಸುತ್ತದೆ, ಮೊದಲೇ ಮಾಸ್ಕ್ ಬಿಗಿಯಾಗಿ ಹಿಡಿದು ಪುಪ್ಪುಸದಲ್ಲಿ ಆಮ್ಲಜನಕ ತುಂಬಿಸಿದ್ದರೆ ಕೆಲವು ನಿಮಿಷಗಳ ಅವಕಾಶ ಸಿಗುತ್ತದೆ, ಇಲ್ಲದಿದ್ದರೆ ಒಂದೆರಡು ನಿಮಿಷ, ತುಂಬು ಗರ್ಭಿಣಿಯಲ್ಲಾದರೆ ಇನ್ನೂ ಬೇಗ ಅವಳ ಮೈ ನೀಲಿಗಟ್ಟುತ್ತದೆ. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ತೋರಿಸುವ ಕ್ಯಾಪ್ನೋಗ್ರಾಫಿನ ಪರದೆಯಲ್ಲಿ ಅಲೆ ಮೂಡದಿದ್ದರೆ ನಳಿಕೆಯನ್ನು ಅಲ್ಲಿಯೇ ಬಿಟ್ಟು ಯಂತ್ರವನ್ನು ದೂರಬಾರದು. ಇದನ್ನು ಬೆಳಿಗ್ಗೆ ಏಳೂವರೆಗೆ ಹೇಳಿಕೊಡಲು ಒಂದು ಸುಣ್ಣದ ಕಡ್ಡಿ ಸಾಕಿತ್ತು. ಹೇಳದೆ, ಹೇಳಿದೆವೆಂದು ಬರೆದು, ನಮ್ಮಿಂದಲೇ ಸಹಿ ಹಾಕಿಸಿಕೊಂಡು, ಅದೇ ರಾತ್ರಿ ರೋಗಿಯ ತಲೆಯ ಬಳಿ ನಮ್ಮನ್ನು ನಿಲ್ಲಿಸುತ್ತಾರೆ. ನಾಳೆ ಏನಾದರೂ ಆದರೆ ಆ ಸಹಿಯೇ ಸಾಕ್ಷಿ: ಕಲಿಸಲಾಗಿತ್ತು, ಇವನು ಕಲಿಯಲಿಲ್ಲ. ಇದಕ್ಕೆ ನಯವಾದ ಹೆಸರು ನನಗೆ ಹೊಳೆಯುತ್ತಿಲ್ಲ, ಹುಡುಕುವ ಮನಸ್ಸೂ ಇಲ್ಲ.

ಹಾಗಾದರೆ ಈವರೆಗೆ ಕಲಿತದ್ದು ಯಾರಿಂದ? ಹೆರಿಗೆಯ ಓಟಿಯಲ್ಲಿ ಮೊದಲ ಬಾರಿಗೆ ಬೆನ್ನಿಗೆ ಅರಿವಳಿಕೆಯ ಬುಪಿವಕೇನ್ ಚುಚ್ಚಿ, ಆ ತಾಯಿಯ ರಕ್ತದೊತ್ತಡ ಕುಸಿದು, ಅವಳು “ಹೊಟ್ಟೆ ತೊಳಸ್ತದೆ ಡಾಕ್ಟ್ರೇ” ಎಂದಾಗ, ಹಿರಿಯ ವೈದ್ಯರು ಫೋನಿನಲ್ಲಿದ್ದರು, ಅಂದರೆ ಅವರ ಫೋನು ಮಾತ್ರ ಇತ್ತು. ನನ್ನ ಬೆನ್ನ ಹಿಂದಿನಿಂದ ಓಟಿ ಟೆಕ್ನಿಷಿಯನ್ನರು, ತಲೆನರೆತ ಸಾವಧಾನದ ಮನುಷ್ಯರು, ಟೇಬಲ್ಲನ್ನು ಎಡಕ್ಕೆ ವಾಲಿಸಿ, ಗರ್ಭಕೋಶದ ಭಾರವು ಹಿಂದಿನ ದೊಡ್ಡ ರಕ್ತನಾಳದ ಮೇಲಿಂದ ಸರಿದರೆ ಹೃದಯಕ್ಕೆ ರಕ್ತ ಮರಳುತ್ತದೆಂದು ಪಿಸುಮಾತಿನಲ್ಲಿ ಹೇಳುತ್ತ, ರಕ್ತದೊತ್ತಡ ಏರಿಸುವ ಮೆಫೆಂಟರಮಿನ್ ತುಂಬಿದ ಸಿರಿಂಜನ್ನು ನನ್ನ ಅಂಗೈಗಿಟ್ಟರು. ಅದಕ್ಕೆ ಹಾಜರಿ ಪುಸ್ತಕವಿರಲಿಲ್ಲ.

ಆದ್ದರಿಂದ ವೇಳಾಪಟ್ಟಿ ಮಹೋದಯರೆ, ತಮ್ಮ ಪ್ಲಾಸ್ಟಿಕ್ ಕವಚವನ್ನು ಒಂದು ಮೂಲೆಯಲ್ಲಿ ಬ್ಲೇಡಿನಿಂದ ಸೀಳಲು ಅನುಮತಿ ಕೊಡಿ. ಬೋಧಕರ ಅಂಕಣದಲ್ಲಿ ಆ ಟೆಕ್ನಿಷಿಯನ್ನರ ಹೆಸರನ್ನೂ, ತನ್ನ ಥೀಸಿಸಿನ ಹೊರೆಯ ನಡುವೆ ನಮಗೆ ಔಷಧದ ಪ್ರಮಾಣಗಳನ್ನು ಬಾಯಿಪಾಠ ಮಾಡಿಸಿದ ದ್ವಿತೀಯ ವರ್ಷದ ಅಕ್ಕನ ಹೆಸರನ್ನೂ ಬರೆಯಬೇಕಾಗಿದೆ. ಟೆಕ್ನಿಷಿಯನ್ನರ ನಿವೃತ್ತಿ ಹತ್ತಿರ ಬಂದಿರುವುದರಿಂದ ತಿದ್ದುಪಡಿಯು ಶೀಘ್ರವಾಗಿ ಆಗಲಿ. ಗಾಜಿನ ಬೀರುವಿನ ಕೀಲಿಯನ್ನೂ ಅವರ ಕೈಗೇ ಕೊಡತಕ್ಕದ್ದು. ಶ್ವಾಸಕೋಶದ ತೂತಿಗೆ ಸೈಕಲ್ ಅಂಗಡಿಯ ಪ್ಯಾಚು ಸಾಕೆಂದು ಅವರ ಅಭಿಪ್ರಾಯ.

ಇತಿ,
ಪ್ರಥಮ ವರ್ಷದ ಓರ್ವ ಸ್ನಾತಕೋತ್ತರ ವಿದ್ಯಾರ್ಥಿ