ಚೌಥಿ ಸೀಟಿನ ರ‍್ಯಾಮ್

ಮದರ್‌ಬೋರ್ಡುಗಳಿಗೆ ನಾಮಕರಣ ಮಾಡುವ ಮಹನೀಯರ ಸನ್ನಿಧಿಗೆ,

ಡೊಂಬಿವಲಿ ಪೂರ್ವದಿಂದ ಒಬ್ಬ ವಿಡಿಯೊದವನು ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅತ್ತಣ ಕ್ಷೇಮ ಕೇಳಬೇಕಾಗಿಲ್ಲ, ನಿಮ್ಮ ಪೆಟ್ಟಿಗೆಗಳ ಬೆಲೆ ನೋಡಿದರೇ ಗೊತ್ತಾಗುತ್ತದೆ.

ನನ್ನ ಉದ್ಯೋಗ ದೊಡ್ಡದೇನಲ್ಲ. ಥಾಣೆಯಲ್ಲಿ ಮದುವೆ, ಕಲ್ಯಾಣದಲ್ಲಿ ಉಪನಯನ, ನೆರೂಲಿನಲ್ಲಿ ಶನಿಪೂಜೆ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ಯಕ್ಷಗಾನ. ಮೂರು ಕ್ಯಾಮೆರಾ, ನಾಲ್ಕು ತಾಸು, ಎಲ್ಲವೂ ಫೋರ್‌ಕೆ. ಮಹಿಷಾಸುರನ ಪ್ರವೇಶವನ್ನು ಮೂರು ಕಡೆಯಿಂದ ಒಟ್ಟಿಗೇ ಟೈಮ್‌ಲೈನಿಗೆ ಎಳೆದರೆ ನನ್ನ ಹಳೆಯ ಕಂಪ್ಯೂಟರು ದೊಂದಿ ಕಂಡ ಮಗುವಿನ ಹಾಗೆ ಬೆಚ್ಚಿ ನಿಂತುಬಿಡುತ್ತಿತ್ತು.

ಸರಿ, ಭಾರದ ಕೆಲಸ ತಡೆಯುವ ಬೋರ್ಡೊಂದು ಬೇಕು ಎಂದು ಹೊರಟೆ. ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡು. (ಸರಕಾರಿ ಹೆಸರು ಡಾ. ಭಡಕಮ್ಕರ್ ಮಾರ್ಗ. ಹಾಗೆಂದರೆ ಟ್ಯಾಕ್ಸಿಯವನೇ ನಿಮ್ಮನ್ನು ದಾರಿ ಕೇಳುತ್ತಾನೆ.) ಅಲ್ಲಿ ಕಪಾಟಿನ ತುಂಬ ಟೊಮಾಹಾಕ್, ಮಾರ್ಟರ್, ಹಳೇ ಸ್ಟಾಕಿನ ಬಝೂಕಾ! ಒಂದು ಕೊಡಲಿ, ಒಂದು ಫಿರಂಗಿ, ಒಂದು ರಾಕೆಟ್ ಹಾರಿಸುವ ಕೊಳವೆ. ಸ್ವಾಮೀ, ನಾನು ಮದುಮಗಳ ಮೆಹಂದಿ ಎಡಿಟ್ ಮಾಡುವವನು, ಗಡಿ ಕಾಯುವವನಲ್ಲ. ಪ್ರಾಸೆಸರಿಗೂ ರ‍್ಯಾಮಿಗೂ ಡಿಸ್ಕಿಗೂ ಹೊತ್ತುಹೊತ್ತಿಗೆ ಬಡಿಸುವ ತಾಯಿಹಲಗೆ ಅದು. 'ಅನ್ನಪೂರ್ಣ' ಎಂದು ಒಂದಕ್ಕಾದರೂ ಹೆಸರಿಡಬಾರದಿತ್ತೇ?

ಇನ್ನು ದೀಪಾಲಂಕಾರ. ಬೋರ್ಡಿನ ಅಂಚಿನಲ್ಲಿ ದೀಪ, ರ‍್ಯಾಮಿನ ತಲೆಯ ಮೇಲೆ ದೀಪ. 'ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣ ಸಾರ್' ಎಂದ ಅಂಗಡಿಯ ಹುಡುಗ. ನಮ್ಮ ಡೊಂಬಿವಲಿಯಲ್ಲಿ 2014ರ ಜನವರಿಯಲ್ಲಿ ಹಸಿರು ಮಳೆ ಬಿದ್ದಿದೆ, 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ರಾಸಾಯನಿಕದಿಂದ ಗುಲಾಬಿಯಾಗಿ ಮುಖ್ಯಮಂತ್ರಿಗಳೇ ಬಂದು ನೋಡಿ ಹೋಗಿದ್ದಾರೆ. ಬಣ್ಣಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ನನಗೆ ತಿಳಿಯಬೇಕಿದ್ದದ್ದು ಇಷ್ಟೇ: ರಾತ್ರಿಯಿಡೀ ರೆಂಡರ್ ಹಾಕಿ ಮಲಗಿದರೆ ಈ ಬೋರ್ಡಿನ ವಿಆರ್‌ಎಂ ತಡೆಯುತ್ತದೋ? ಪ್ರಾಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ ಅದು. ಮೇ ತಿಂಗಳ ಸೆಖೆಯಲ್ಲಿ, ಎಸಿಯಿಲ್ಲದ ಕೋಣೆಯಲ್ಲಿ ಅದು ಕಾದು ಕೆಂಡವಾದರೆ ಎಷ್ಟೇ ದುಬಾರಿ ಪ್ರಾಸೆಸರಾದರೂ ಕುಂಟತೊಡಗುತ್ತದೆ. ಹುಡುಗನಿಗೆ ಬಣ್ಣದ ಲೆಕ್ಕ ಬಾಯಿಪಾಠವಿತ್ತು. ವಿಆರ್‌ಎಂ ಎಂದರೆ 'ಅದೂ ಉಂಟು ಸಾರ್' ಎಂದ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಲೋಕಲ್ ಗಾಡಿಯ ಬೆಂಚು ಮೂವರಿಗೆ ಮಾಡಿದ್ದು. ನಾಲ್ಕನೆಯವನೊಬ್ಬ ಬಂದು 'ಜರಾ ಸರಕೋ' ಎನ್ನುತ್ತಾನೆ, ಅರ್ಧ ಕುಂಡೆ ಊರಿ, ಇನ್ನರ್ಧವನ್ನು ಗಾಳಿಗೆ ಬಿಟ್ಟು ಕಲ್ಯಾಣದವರೆಗೂ ಬರುತ್ತಾನೆ. ಅದಕ್ಕೆ ಚೌಥಿ ಸೀಟು ಎನ್ನುತ್ತೇವೆ. ಆದರೆ ಅವನು ಕೂತನೆಂದು ಫಾಸ್ಟ್ ಗಾಡಿ ಸ್ಲೋ ಆದದ್ದನ್ನು ನಾನು ಕಂಡಿಲ್ಲ. ನಿಮ್ಮ ಬೋರ್ಡಿನಲ್ಲಿ ಆಗುತ್ತದೆ! ನಾಲ್ಕು ಸ್ಲಾಟು ಕೊರೆದಿದ್ದೀರಿ, ರ‍್ಯಾಮಿನ ದಾರಿ ಮಾತ್ರ ಎರಡೇ. ಈಗಿನ ತಲೆಮಾರಿನ ರ‍್ಯಾಮ್ ಡಿಡಿಆರ್5. ಅದು ಓಡುವ ವೇಗಕ್ಕೆ ಒಂದೊಂದು ದಾರಿಗೆ ಇಬ್ಬಿಬ್ಬರು ಜೋತುಬಿದ್ದರೆ ಸಂಕೇತ ಕಲಸಿಹೋಗುತ್ತದೆ, ಆದ್ದರಿಂದ ವೇಗವನ್ನೇ ಇಳಿಸುತ್ತಾರೆ. ರೈಜನ್ 9000 ಸಾಲಿನ ಪ್ರಾಸೆಸರುಗಳ ಅಧಿಕೃತ ಲೆಕ್ಕವನ್ನೇ ನೋಡಿ: ಎರಡು ಸ್ಟಿಕ್ ಇದ್ದರೆ 5600, ನಾಲ್ಕಿದ್ದರೆ 3600. ಪೆಟ್ಟಿಗೆಯ ಮೇಲೆ ನೀವು ಅಚ್ಚು ಹಾಕಿಸುವುದು ಮಾತ್ರ 8000, ಅದರ ಪಕ್ಕ ಸಾಸಿವೆಯಷ್ಟು 'ಓಸಿ'. ಓವರ್‌ಕ್ಲಾಕ್, ಅಂದರೆ ಆದರೆ ನಿಮ್ಮ ಪುಣ್ಯ, ಆಗದಿದ್ದರೆ ನಿಮ್ಮ ಕರ್ಮ.

ಇದೆಲ್ಲ ನಾನು ಕಲಿತದ್ದು ಫೀಸು ಕೊಟ್ಟು. ಕಲ್ಯಾಣದ ಅಂಗಡಿಯೊಂದರಲ್ಲಿ '16 ಜಿಬಿಯ ನಾಲ್ಕು ಸ್ಟಿಕ್ ಹಾಕಿ, ಸ್ಲಾಟ್ ಯಾಕೆ ಖಾಲಿ ಬಿಡುವುದು?' ಎಂದರು. ಖಾಲಿ ಸೀಟು ಬಿಡುವುದು ನಮ್ಮ ರಕ್ತದಲ್ಲಿಲ್ಲ, ಹಾಕಿಸಿದೆ. ಸ್ವಿಚ್ ಒತ್ತಿದರೆ ಪರದೆ ಕಪ್ಪು. ಐದು ನಿಮಿಷ ಹೋಯಿತು. ಅಮ್ಮ ದೇವರ ಕೋಣೆಗೆ ಹೋದರು, ನಾನು ಬಿಲ್ಲು ಹುಡುಕಲು ಹೋದೆ. ಹೊಸ ರ‍್ಯಾಮ್ ಹಾಕಿದಾಗ ಬೋರ್ಡು ಅದರ ನಾಡಿ ಹಿಡಿದು ನೋಡಲು ಮೊದಲ ಸಲ ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಮೆಮೊರಿ ಟ್ರೇನಿಂಗ್ ಎನ್ನುತ್ತಾರಂತೆ. ನಮಗೂ ಸ್ವಲ್ಪ ಟ್ರೇನಿಂಗ್ ಕೊಡಬಹುದಿತ್ತು. ಇನ್ನೊಂದು: 6000 ಎಂದು ದುಡ್ಡು ತೆತ್ತು ತಂದ ರ‍್ಯಾಮ್ ಕೂಡ, ಬಯಾಸಿಗೆ ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಚಾಲೂ ಮಾಡುವವರೆಗೆ ಸಾಮಾನ್ಯವಾಗಿ 4800ರಲ್ಲೇ ತೆವಳುತ್ತಿರುತ್ತದೆ. ಎಷ್ಟು ಮಂದಿ ಹಾಗೇ ತೆವಳಿಸುತ್ತಿದ್ದಾರೋ, ಪಾಪ.

'ಡಿಡಿಆರ್5 ಅಂದಮೇಲೆ ಇಸಿಸಿ ಒಳಗೇ ಉಂಟು' ಎಂದೂ ಹೇಳಿದರು. ಇಸಿಸಿ ಎಂದರೆ ಮೆಮೊರಿಯ ತಪ್ಪು ತಿದ್ದುವ ವ್ಯವಸ್ಥೆ. ಆದರೆ ಈ ಒಳಗಿನದು ಚಿಪ್ಪಿನ ಒಳಗಿನ ತಪ್ಪನ್ನು ಮಾತ್ರ ತಿದ್ದುತ್ತದೆ. ಚಿಪ್ಪಿನಿಂದ ಪ್ರಾಸೆಸರಿಗೆ ಬರುವ ದಾರಿಯಲ್ಲಿ ಕೆಟ್ಟದ್ದಕ್ಕೆ ಅದು ಜವಾಬ್ದಾರಿಯಲ್ಲ. ನಿಜವಾದ ಇಸಿಸಿ ರ‍್ಯಾಮೇ ಬೇರೆ, ಅದನ್ನು ಒಪ್ಪುವ ಬೋರ್ಡೂ ಬೇರೆ.

ಹೋಗಲಿ, ತಿದ್ದಿಕೊಳ್ಳೋಣವೆಂದು 2025ರ ಕೊನೆಗೆ ಮತ್ತೆ ಅಂಗಡಿಗೆ ಹೋದರೆ ರ‍್ಯಾಮಿನ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟು ದಾಟಿತ್ತು. ಯಾಕೆ ಮಾರಾಯ್ರೆ ಎಂದರೆ 'ಎಐ' ಎಂದರು. ಜಗತ್ತಿನ ಹೆಚ್ಚಿನ ಮೆಮೊರಿ ಚಿಪ್ಪು ಮಾಡುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರು. ಮೂವರಿಗೂ ಈಗ ಡೇಟಾ ಸೆಂಟರೇ ಬೀಗರ ಮನೆ. ಮೈಕ್ರಾನಂತೂ ಆ ಡಿಸೆಂಬರಿನಲ್ಲಿ 'ಕ್ರೂಶಿಯಲ್' ಹೆಸರಿನಲ್ಲಿ ನಮ್ಮಂಥವರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ ಸಾರಿತು. ತಮಾಷೆಯೆಂದರೆ ಆ ಬೀಗರು ದೂರದವರಲ್ಲ. ಪಾರ್ಸಿಕ್ ಗುಡ್ಡದ ಆಚೆ ಐರೋಲಿ, ಮಹಾಪೆಗಳಲ್ಲಿ, ಅತ್ತ ಪನ್ವೇಲಿನಲ್ಲಿ ಡೇಟಾ ಸೆಂಟರುಗಳು ಸಾಲಾಗಿ ಎದ್ದಿವೆ. ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದರೆ ಐರೋಲಿ ಎರಡನೇ ಸ್ಟೇಷನ್ನು. ನನ್ನ ಪಾಲಿನ ರ‍್ಯಾಮ್ ಅಲ್ಲೆಲ್ಲೋ ತಣ್ಣಗೆ ಎಸಿಯಲ್ಲಿ ಕೂತು ಯಾರದೋ ಪ್ರಶ್ನೆಗೆ ಉತ್ತರ ಬರೆಯುತ್ತಿರಬಹುದು. ಗಾಡಿಯಲ್ಲಿ ಹಾದು ಹೋಗುವಾಗಲೆಲ್ಲ ಆ ಕಡೆಗೊಮ್ಮೆ ನೋಡುತ್ತೇನೆ.

ಕೊನೆಗೂ ಸಾಲ ಮಾಡಿದೆ. ಹೆಸರಿನಲ್ಲಿ ಆಯುಧವಿಲ್ಲದ, ದೀಪವಿಲ್ಲದ, ವಿಆರ್‌ಎಂ ಮೇಲೆ ದಪ್ಪ ಅಲ್ಯೂಮಿನಿಯಮ್ ಹೊದ್ದ ಒಂದು ಬೋರ್ಡು. 48 ಜಿಬಿಯ ಎರಡು ಸ್ಟಿಕ್, ಒಟ್ಟು 96. ಪುಸ್ತಿಕೆಯಲ್ಲಿ ಹೇಳಿದಂತೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಕೂತಿವೆ. ಮಹಿಷಾಸುರ ಈಗ ಮೂರು ಕ್ಯಾಮೆರಾದಲ್ಲೂ ತಡೆಯಿಲ್ಲದೆ ಕುಣಿಯುತ್ತಾನೆ. ಒಂದು ಮತ್ತು ಮೂರು ಖಾಲಿ. ಖಾಲಿ ಸೀಟು ಕಣ್ಣೆದುರೇ ಇದ್ದೂ ಸುಮ್ಮನಿರುವುದು ಡೊಂಬಿವಲಿಯವನಿಗೆ ಎಂಥ ಹಿಂಸೆ ಎಂಬುದು ನಿಮಗೆ ತಿಳಿಯಲಾರದು.

ಆದ್ದರಿಂದ ಒಂದೇ ವಿನಂತಿ. ಪೆಟ್ಟಿಗೆಯ ಮೇಲೆ ಉರಿಗಣ್ಣು ಬಿಡಿಸುತ್ತೀರಲ್ಲ, ಆ ಜಾಗದಲ್ಲಿ ಎರಡು ಅಂಕಿ ಅಚ್ಚು ಹಾಕಿಸಿ: ಎರಡು ಹಾಕಿದರೆ ಎಷ್ಟು ವೇಗ, ನಾಲ್ಕು ಹಾಕಿದರೆ ಎಷ್ಟು. ಕಲ್ಯಾಣದ ಅಂಗಡಿಯವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.

ಇಂತಿ ನಿಮ್ಮ ಗಿರಾಕಿ,
16ರ ನಾಲ್ಕು ಸ್ಟಿಕ್ ಇನ್ನೂ ಕಪಾಟಿನಲ್ಲಿ ಇಟ್ಟುಕೊಂಡಿರುವವನು