ಹೇಳೋಕೆ ಪುರುಸೊತ್ತು ಸಿಗಲ್ಲ

"ಏನಪ್ಪಾ, ಜೇಬಿನಾಗೆ ಸುಮ್ನೆ ಇದ್ದ ಫೋನು ತಾನೇ ಆಫಾಗಿ ತಾನೇ ಆನಾಗ್ತತಿ. ಯಾಕೆ ಅಂತ ಅದಕ್ಕಾದ್ರೂ ಗೊತ್ತಿರಬೇಕಲ್ಲ?" ಬೇಲಿಯಾಚೆ ಅಡಿಕೆ ಒಣಹಾಕುತ್ತಿದ್ದ ಅಣ್ಣ ಕೇಳಿದರು.

"ಗೊತ್ತಿರುತ್ತೆ ಅಣ್ಣ, ಹೇಳೋಕೆ ಪುರುಸೊತ್ತು ಸಿಗಲ್ಲ. ಆಂಡ್ರಾಯ್ಡ್ ಫೋನಿನ ತಳದಲ್ಲಿರೋದು ಲಿನಕ್ಸ್ ಕರ್ನಲ್. ಎಲ್ಲಿ ಕೆಟ್ಟಿತು ಅಂತ ಬರೆಯೋಕೆ ಅದರೊಳಗೆ ಪ್ರಿಂಟ್‌ಕೆ ಅಂತ ಒಂದು ಫಂಕ್ಷನ್ ಇದೆ."

"ಬರೆದ್ರಾತಪ್ಪ, ಅದ್ರಾಗೇನು ಕಷ್ಟ?"

"ಸೂಳೆಕೆರೆ ಏರಿ ಬಿರಿದ್ರೆ ಕಾವಲಿನವನು ಚನ್ನಗಿರಿಗೆ ಓಡಿ ಸುದ್ದಿ ಮುಟ್ಟಿಸ್ತಾನೋ, ಅಲ್ಲೇ ನಿಂತು ಮಣ್ಣು ಹಾಕ್ತಾನೋ? ಕರ್ನಲ್‌ಗೂ ಅದೇ ಸಂಕಟ. ಬರೆದ ಸಾಲನ್ನ ಹೊರಗೆ ಓದೋಕೆ ಎಂಜಿನಿಯರುಗಳು ನೆಚ್ಚೋ ಸೀರಿಯಲ್ ತಂತಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. ಅಂದ್ರೆ ಸೆಕೆಂಡಿಗೆ ಹನ್ನೊಂದು ಸಾವಿರ ಚಿಲ್ಲರೆ ಅಕ್ಷರ, 80 ಅಕ್ಷರದ ಸಾಲಿಗೆ ಸುಮಾರು 7 ಮಿಲಿಸೆಕೆಂಡು. ಪ್ರೊಸೆಸರ್‌ಗೆ ಅದು ಯುಗ. ಬೇರೆ ಪ್ರೊಸೆಸರುಗಳು ಸಾಲು ತುಂಬ್ತಾನೇ ಇದ್ರೆ, ಬರೆಯೋಕೆ ಕೂತದ್ದು ಏಳೋದೇ ಕಷ್ಟ."

"ಹಂಗಾದ್ರೆ ನಿಧಾನಕ್ಕೆ ಬರೀಲಿ."

"ನಿಧಾನ ಮಾಡಿದ್ರೆ, ಬರೆಯೋ ಮುಂಚೆನೇ ಮೆಷಿನ್ ಸತ್ತು ಹೋಗಿರುತ್ತೆ. ಬೇಕಾಗಿದ್ದ ಕೊನೆ ಸಾಲೇ ಮೆಮೊರಿಯಲ್ಲಿ ಉಳಿದುಬಿಡುತ್ತೆ. ಇನ್ನೊಂದು ಕಾಟ, ಒಂದು ಸಲಕ್ಕೆ ಒಬ್ಬರೇ ಬರೆಯೋ ಹಾಗೆ ಹಾಕೋ ಲಾಕಿನದು. ಒಂದು ಸಾಲು ಅರ್ಧ ಬರೆದಿರೋವಾಗ, ತಡೆಯೋಕಾಗದ ಇಂಟರಪ್ಟ್ ಬಂದು ತಾನೂ ಬರೀಬೇಕು ಅಂತ ಅದೇ ಲಾಕಿಗೆ ಕಾದು ಕೂತ್ರೆ ಎರಡೂ ಅಲ್ಲೇ ಸಿಕ್ಕಿಹಾಕಿಕೊಳ್ತವೆ. ರೋಗ ಹೇಳೋಕೆ ಹೋಗಿ ರೋಗಿ ಸತ್ತ ಹಾಗೆ."

ಅಣ್ಣ ಅಡಿಕೆ ಹರಡೋದು ನಿಲ್ಲಿಸಿದರು.

"ಇದನ್ನ ಬಿಡಿಸಿದವರಲ್ಲಿ ಜಾನ್ ಓಗ್ನೆಸ್ ಹೆಸರು ಮೊದಲು ಹೇಳಬೇಕು. ಸಾಲುಗಳನ್ನ ಕೂಡಿಡೋಕೆ ಲಾಕೇ ಬೇಡದ ಬಫರ್ 2020ರ ಡಿಸೆಂಬರಿನ ಲಿನಕ್ಸ್ 5.10ರಲ್ಲಿ ಬಂತು. 2024ರ ನವೆಂಬರಿನ 6.12ರಲ್ಲಿ ಬರವಣಿಗೆಗೇ ಬೇರೆ ಥ್ರೆಡ್. ಈ ಪದ್ಧತಿಗೆ ಹೊಂದಿಕೊಂಡ ಡ್ರೈವರುಗಳಲ್ಲಿ ದಿನನಿತ್ಯದ ಮಾತು ಕಾಯುತ್ತೆ. ಸಾವಿನ ಹೊತ್ತು ಬಂದ್ರೆ ಮಾತ್ರ, ಬರೀತಿದ್ದವರ ಕೈಯಿಂದ ಕಿತ್ತುಕೊಂಡಾದ್ರೂ ಕೊನೆ ಮಾತನ್ನ ಹೊರಗೆ ಹಾಕುತ್ತೆ. ನನಗೆ ಇದೇ ಸರಿ ಅನ್ನಿಸುತ್ತೆ. ಎಲ್ಲ ಮಾತಿಗೂ ಒಂದೇ ಅವಸರ ಇರಲ್ಲ."

"ನನ್ನ ಫೋನಿಗೆ ತಂತಿ ಎಲ್ಲೈತಪ್ಪ?"

"ತಂತಿ ಇಲ್ಲ, ಅದಕ್ಕೆ ರ್‍ಯಾಮ್‌ಊಪ್ಸ್. ಮೆಮೊರಿಯಲ್ಲಿ ಒಂದು ಚೂರು ಜಾಗ ಎತ್ತಿಟ್ಟಿರ್ತಾರೆ, ಕೊನೆ ಸಾಲುಗಳು ಅಲ್ಲಿ ಬೀಳ್ತವೆ. ಫೋನು ಕರೆಂಟು ಕಡಿಯದೆ ಮತ್ತೆ ಎದ್ರೆ ಸಿಗ್ತವೆ, ಕರೆಂಟೇ ಪೂರ್ತಿ ಹೋದ್ರೆ ಅಳಿಸಿಹೋಗ್ತವೆ. ಸಿಕ್ಕರೂ ಸಾಮಾನ್ಯವಾಗಿ ನಿಮ್ಮ ಕಣ್ಣಿಗೆ ಬೀಳಲ್ಲ, ಮಾಲೀಕರಿಗೆ ಅದನ್ನ ತೆರೆದಿಟ್ಟಿರಲ್ಲ. ದುಡ್ಡು ಕೊಟ್ಟು ತಂದವರು ನೀವು ಅಣ್ಣ, ಅದು ಓದೋಕೆ ಸಿಗಬೇಕಾದ್ದು ಮೊದಲು ನಿಮಗೆ."