ಸೀಟುಶಾಸ್ತ್ರ ಪ್ರವೇಶಿಕೆ: ಚಿಕ್ಕೋಡಿ ಸೀಮೆಯ ಪಾಲಕರನ್ನು ಕುರಿತ ಪ್ರಮಾಣಬದ್ಧ ವಿವೇಚನೆ

ಉಪೋದ್ಘಾತ

ಯಾವ ಶಾಸ್ತ್ರವೇ ಆಗಲಿ, ವಿಷಯವೇನು, ಓದಲು ಅಧಿಕಾರಿ ಯಾರು, ಪ್ರಯೋಜನವೇನು, ಸಂಬಂಧವೇನು ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂದು ಹಿರಿಯರ ಅಪ್ಪಣೆ. ಇಲ್ಲಿ ವಿಷಯ: ಒಂದನೇ ಇಯತ್ತೆಯ ಸೀಟು. ಅಧಿಕಾರಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಐದು ವರ್ಷದ ಕೂಸನ್ನು ಹೊಂದಿದ ಯಾವುದೇ ಪಾಲಕ. ಪ್ರಯೋಜನ: ಕೂಸಿಗೆ ಏನೆಂದು ಇನ್ನೂ ತಿಳಿದಿಲ್ಲ; ಪಾಲಕನಿಗಂತೂ ಬೀಗರೆದುರು ಮೀಸೆ ತಿರುವುವುದು. ಸಂಬಂಧ: ಸೀಟಿಗೂ ಕಬ್ಬಿನ ಬಿಲ್ಲಿಗೂ ಇರುವಂಥದು. ಕಬ್ಬು ಕಳಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಈ ಆದೇಶವನ್ನು ಇಂದಿಗೂ ಪೂರ್ತಿ ನಂಬಿ ಫೀ ಕಂತಿನ ತಾರೀಖು ಗೊತ್ತುಮಾಡುವವರು ಖಾಸಗಿ ಸಾಲಿಯವರು ಮಾತ್ರ.

ಪೂರ್ವೇತಿಹಾಸ

ರಾಯಬಾಗ ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1917ರಲ್ಲಿ ಶಾಹೂ ಮಹಾರಾಜರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ಮಕ್ಕಳನ್ನು ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಈಗ ಅವರ ಮರಿಮೊಮ್ಮಕ್ಕಳು ಮಕ್ಕಳನ್ನು ಕಳಿಸುವುದಕ್ಕೇ ಸಾವಿರಗಟ್ಟಲೆ ತೆರುತ್ತಿದ್ದಾರೆ. ದಂಡ ಮುಂದುವರಿದಿದೆ, ವಸೂಲಿ ಮಾಡುವವರು ಬದಲಾಗಿದ್ದಾರೆ.

ಪೂರ್ವಪಕ್ಷ

ಸೀಟು ಕಡಿಮೆ, ಮಕ್ಕಳು ಹೆಚ್ಚು, ಆದ್ದರಿಂದ ನೂಕುನುಗ್ಗಲು ಎಂದು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ. ಇದು ಪ್ರತ್ಯಕ್ಷ ಪ್ರಮಾಣದ ಮುಂದೆ ನಿಲ್ಲುವುದಿಲ್ಲ. ಮೇ ತಿಂಗಳ ಕೊನೆಗೆ ಅಥಣಿ ಕಡೆಯ ಹಳ್ಳಿಗೆ ಹೋಗಿ ನೋಡಬೇಕು. ದಾಖಲಾತಿ ಆಂದೋಲನದ ಬ್ಯಾನರ್ ಹಿಡಿದು ಕನ್ನಡ ಸಾಲಿಯ ಗುರುಗಳು, ಅಕ್ಕೋರು ಮನೆಮನೆಯ ಕಟ್ಟೆ ಹತ್ತುತ್ತಾರೆ. "ಕೂಸಿನ್ನ ನಮ್ಮ ಸಾಲಿಗೆ ಹಚ್ರಿ ಯಜಮಾನ್ರ. ಪುಸ್ತಕ ಪುಕ್ಕಟ, ಅರಿವಿ ಪುಕ್ಕಟ, ಊಟ, ಹಾಲು, ತತ್ತಿ ಎಲ್ಲಾ ಐತಿ." ಯಜಮಾನರು ಚಹಾ ಕುಡಿಸಿ, "ನೋಡೂಣ್ರಿ" ಎಂದು ಕಳಿಸುತ್ತಾರೆ. ಮರುದಿನ ಹೊತ್ತು ಮೂಡುವ ಮುಂಚೆ ಅದೇ ಯಜಮಾನರು ಪಟ್ಟಣದ ಇಂಗ್ಲಿಷ್ ಮೀಡಿಯಂ ಸಾಲಿಯ ಗೇಟಿನಲ್ಲಿ ವಾಚಮನ್ನನಿಗೆ "ಸಾಹೇಬರ" ಎನ್ನುತ್ತಿರುತ್ತಾರೆ. ಒಂದರಿಂದ ಐದನೇ ಇಯತ್ತೆಯವರೆಗೆ ಒಂದು ಕಿಲೋಮೀಟರಿನೊಳಗೆ ಸಾಲಿ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮ. ಸಾಲಿ ಇದೆ, ಅಷ್ಟು ಹತ್ತಿರ ಇರುವುದೇ ಅದರ ದೋಷವೆಂದು ತೋರುತ್ತದೆ.

ಪ್ರಮಾಣ ವಿಚಾರ

ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ. ಸೀಟುಶಾಸ್ತ್ರದಲ್ಲಿ ಆಪ್ತನೆಂದರೆ ತನ್ನ ಹುಡುಗನನ್ನು ಹೋದ ವರ್ಷವೇ ಹಚ್ಚಿ ಫೀ ತುಂಬಿದವನು. ಹಾಕಿದ ರೊಕ್ಕ ದಂಡವಾಯಿತೆಂದು ಅವನು ಎಂದೂ ಹೇಳಲಾರನಾದ್ದರಿಂದ ಅವನ ಮಾತು ಅಬಾಧಿತ.

ಅರ್ಥಾಪತ್ತಿಗೆ ಮೀಮಾಂಸಕರು ಕೊಡುವ ಹಳೆಯ ಉದಾಹರಣೆ: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಪ್ರಸ್ತುತ ಅನ್ವಯ: ಗೇಟಿನ ಮೇಲೆ "ಡೊನೇಶನ್ ತೆಗೆದುಕೊಳ್ಳುವುದಿಲ್ಲ" ಎಂಬ ಬೋರ್ಡು, ಗೇಟಿನ ಹಿಂದೆ ವರ್ಷಕ್ಕೊಂದು ಅಂತಸ್ತು ಏರುವ ಕಟ್ಟಡ. ಉಳಿದುದನ್ನು ದೇವದತ್ತನೇ ಹೇಳಬೇಕು.

ಅನುಪಲಬ್ಧಿ, ಅಂದರೆ ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಪ್ರವೇಶಕ್ಕೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆ ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಮುಂದೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಸಂದರ್ಶನಗಳು ಇಲ್ಲ, 'ಸೌಹಾರ್ದ ಭೇಟಿ'ಗಳಿವೆ. ಅದರ ಕ್ರಮ ಹೀಗೆ: ಮೇಡಮ್ಮರು ಚಿತ್ರದ ಪುಸ್ತಕ ತೆರೆದು ಕಬ್ಬಿನ ಮೇಲೆ ಬೆರಳಿಟ್ಟು "ವಾಟ್ ಈಸ್ ದಿಸ್?" ಎನ್ನುತ್ತಾರೆ. ಹುಡುಗ ಗಣಿಕೆಯಿಂದ ಗಣಿಕೆಗೆ ಕಣ್ಣಾಡಿಸಿ "265" ಎನ್ನುತ್ತಾನೆ. ಅಪ್ಪ ಪುಸ್ತಕ ಇಸಕೊಂಡು, "ಏ ಖೋಡಿ, ಸರಿಯಾಗಿ ನೋಡು, 86032 ಐತಿ" ಎನ್ನುತ್ತಾನೆ. ತಳಿಯ ಬಗ್ಗೆ ತಂದೆ ಮಗನ ನಡುವೆ ಗಂಭೀರ ಚರ್ಚೆಯಾಗುತ್ತದೆ. ಮೇಡಮ್ಮರು ಕಾಗದದ ಮೇಲೆ 'ವೀಕ್' ಎಂದು ಬರೆಯುತ್ತಾರೆ. ಯಾರ ಹೆಸರಿನ ಮುಂದೆ ಎಂಬುದು ತಿಳಿಯುವುದಿಲ್ಲ.

ಕಾಲ ನಿರ್ಣಯ

ಈ ಭಾಗದ ಅಜ್ಜಂದಿರಲ್ಲಿ ಬಹಳ ಮಂದಿ ಜೂನ್ 1ರಂದು ಹುಟ್ಟಿದವರು. ಹೆರಿಗೆಯ ದಿನ ಯಾರಿಗೂ ನೆನಪಿಲ್ಲದಾಗ ಹೆಸರು ಹಚ್ಚುವ ಮಾಸ್ತರರೇ ಅವರನ್ನು ಆ ದಿನ ಹುಟ್ಟಿಸಿದರು. ಸಾಲಿಗೆ ತಕ್ಕಂತೆ ಜನ್ಮ, ಇದು ಹಳೆಯ ಪದ್ಧತಿ. ಹೊಸ ಪದ್ಧತಿಯಲ್ಲೂ ದಿನ ಅದೇ: ಜೂನ್ 1ಕ್ಕೆ ಆರು ವರ್ಷ ತುಂಬಿದವರಿಗೆ ಮಾತ್ರ ಒಂದನೇ ಇಯತ್ತೆ ಎಂದು 2022ರಲ್ಲಿ ಆದೇಶವಾಗಿ, ಜಾರಿ 2025-26ಕ್ಕೆ ಹೋಯಿತು. ಆ ವರ್ಷ ಬಂದಾಗ, ಏಪ್ರಿಲ್‌ನಲ್ಲಿ, ರಾಜ್ಯ ಪಠ್ಯಕ್ರಮದ ಸಾಲಿಗಳಿಗೆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕೆಂದಾಯಿತು. ಜೂನ್ 2ರಂದು ಹುಟ್ಟಿದ ಕೂಸಿನ ತಾಯಿ ಈ ನಡುವೆ ಅನುಭವಿಸಿದ ಸಂಕಟವನ್ನು ಜ್ಯೋತಿಷಿಗಳು ಯಾವ ಗ್ರಹದ ಲೆಕ್ಕಕ್ಕೆ ಬರೆಯುತ್ತಾರೋ ನೋಡಬೇಕು.

ಭಾಷಾ ನಿರ್ಣಯ

ಬೆಳಗಾವಿ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಎಂದು ಗಡಿ ಕುರಿತ ಮಹಾಜನ ವರದಿ 1967ರಲ್ಲಿ ಹೇಳಿತು. ಅದನ್ನು ಒಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇತ್ತ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಮಾಧ್ಯಮವಾಗಿ ಹೇರುವಂತಿಲ್ಲ, ಆಯ್ಕೆ ಪಾಲಕರದು ಎಂದು ಅದೇ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. ಊರಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರ್ಕಾರಿ ಸಾಲಿಗಳಿವೆ. ಪಾಲಕರು ಕೋರ್ಟು ಕೊಟ್ಟ ಸ್ವಾತಂತ್ರ್ಯವನ್ನು ಬಳಸಿ ನಾಲ್ಕನೆಯದನ್ನು ಆಯ್ದುಕೊಂಡರು. ಚೌಕಿನಲ್ಲಿ ಧ್ವಜಕ್ಕಾಗಿ ಜಗಳಾಡಿದ ಇಬ್ಬರ ಮೊಮ್ಮಕ್ಕಳೂ ಒಂದೇ ಹಳದಿ ವ್ಯಾನಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೋಗುತ್ತಾರೆ. ಗಡಿ ವಿವಾದ ಇಷ್ಟು ಚೆನ್ನಾಗಿ ಬೇರೆಲ್ಲೂ ಬಗೆಹರಿದಿಲ್ಲ.

ಸಿದ್ಧಾಂತ

ಖಾಸಗಿ ಸಾಲಿಗಳ ಶೇಕಡಾ 25ರಷ್ಟು ಸೀಟು ಬಡವರ ಮಕ್ಕಳಿಗೆ ಎಂಬ ಕಲಮಿತ್ತು. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಸಾಲಿ ಇದ್ದರೆ ಅದು ಅನ್ವಯಿಸುವುದಿಲ್ಲವೆಂದು ಕರ್ನಾಟಕ ಸರ್ಕಾರ 2019-20ರ ಸಾಲಿನಿಂದ ನಿಯಮ ತಿದ್ದಿತು. ತನ್ನ ಸಾಲಿ ಇದೆ ಎಂಬುದನ್ನೇ ಸರ್ಕಾರ ಸೀಟು ನಿರಾಕರಿಸುವ ಕಾರಣವಾಗಿ ಮುಂದಿಟ್ಟ ಮೇಲೆ, ಪಾಲಕರು ಅದನ್ನು ಶಿಕ್ಷೆಯೆಂದು ಭಾವಿಸಿದರೆ ತರ್ಕದೋಷವಿಲ್ಲ.

ಇದರಿಂದ ಸೂತ್ರ ಹೊರಡುತ್ತದೆ: *ಬೇಡವೆನ್ನಬಲ್ಲ ಸಾಲಿಯೇ ಬೇಕಾದ ಸಾಲಿ.* ಚಿಕ್ಕೋಡಿ ತಾಲ್ಲೂಕಿನ ಕೋಥಳಿಯಲ್ಲಿರುವ ಜವಾಹರ ನವೋದಯ ವಿದ್ಯಾಲಯ ಇದಕ್ಕೆ ಸಾಕ್ಷಿ. ಅದೂ ಸರ್ಕಾರದ್ದೇ, ಊಟ, ವಸತಿ, ಪುಸ್ತಕ ಅಲ್ಲಿಯೂ ಪುಕ್ಕಟೆ. ಆದರೆ ಆರನೇ ಇಯತ್ತೆಗೆ 80 ಸೀಟು, ಎರಡು ತಾಸಿನ ಪರೀಕ್ಷೆಯಲ್ಲಿ 80 ಪ್ರಶ್ನೆ. ಉಳಿದವರಿಗೆಲ್ಲ ಅದು ಬೇಡವೆನ್ನುತ್ತದೆ. ಹೀಗಾಗಿ ಸರ್ಕಾರಿ ಸಾಲಿ ಎಂದರೆ ಮೂಗು ಮುರಿಯುವವರು ಈ ಸರ್ಕಾರಿ ಸಾಲಿಗಾಗಿ ಕೂಸನ್ನು ನಾಲ್ಕನೇ ಇಯತ್ತೆಯಲ್ಲೇ ಕೋಚಿಂಗ್ ಕ್ಲಾಸಿನಲ್ಲಿ ಬಿಟ್ಟು, ರವಿವಾರಕ್ಕೊಮ್ಮೆ ರೊಟ್ಟಿ ಗಂಟು ಹಿಡಿದು ಹೋಗಿ ನೋಡಿ ಬರುತ್ತಾರೆ.

ಪರಿಹಾರ ಸುಲಭ. ಊರ ಕನ್ನಡ ಸಾಲಿಯ ಗೇಟಿಗೆ ಏಪ್ರಿಲ್‌ನಲ್ಲೇ "ಪ್ರವೇಶ ಮುಗಿದಿದೆ" ಎಂಬ ಬೋರ್ಡು ತೂಗಬೇಕು. ಮಾತಾಡದ ಒಬ್ಬ ವಾಚಮನ್ನನನ್ನು ನಿಲ್ಲಿಸಬೇಕು. ಶಾಸಕರ ಚೀಟಿ ತಂದವರಿಗೂ "ನಾಳೆ ಬರ್ರಿ" ಎನ್ನಬೇಕು. ಮೂರು ದಿನದಲ್ಲಿ ಪಾಳಿ ಹತ್ತದಿದ್ದರೆ ಕೇಳಿ. ತೊಡಕು ಒಂದೇ: ಬಂದ ಮಗುವನ್ನು ಹಿಂದಕ್ಕೆ ಕಳಿಸುವ ಅಧಿಕಾರ ಕಾಯ್ದೆಯಲ್ಲಿ ಈ ಸಾಲಿಗೆ ಇಲ್ಲ.

ಆಕ್ಷೇಪ ಮತ್ತು ಸಮಾಧಾನ

ಈ ಸಿದ್ಧಾಂತಕ್ಕೆ ಕಾಗವಾಡ ಕಡೆಯ ತಾಯಂದಿರದೊಂದು ಆಕ್ಷೇಪವಿದೆ. "ಬ್ಯಾಡ ಅನ್ನೂ ಸಾಲಿ ನಮಗ ಯಾಕ್ರಿ? ವರ್ಗಕ್ಕ ಒಬ್ಬರು ಕಲಸವರು ಇರೂ ಸಾಲಿ ಬೇಕು. ಇಲ್ಲಿ ಒಂದು, ಎರಡು, ಮೂರು ಎಲ್ಲಾ ಒಂದ ಖೋಲ್ಯಾಗ, ಒಬ್ಬರ ಅಕ್ಕೋರು. ಅವರನ್ನೂ ನಡಬರಕ ಸಮೀಕ್ಷೆಕ್ಕ ಕಳಸ್ತಾರ. ಅಲ್ಲಿ ರೊಕ್ಕ ಹೋದರ ಹೋಗ್ಲಿ, ಪಾಠ ಹೇಳವರರ ಇರ್ತಾರ."

ಸಮಾಧಾನ: ಈ ಆಕ್ಷೇಪದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಲ್ಲವೂ ಸರಿಯಾಗಿವೆ. ಆದರೆ ಹುದ್ದೆ ತುಂಬುವುದು ಸೀಟುಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅದು ಆರ್ಥಿಕ ಇಲಾಖೆಯ ಶಾಸ್ತ್ರ, ಅದರ ಮೊದಲ ಸೂತ್ರವೇ "ಕಡತ ಪರಿಶೀಲನೆಯಲ್ಲಿದೆ."